ಹನ್ನೊಂದು ಮನೆಗಳ ತಂಪು

ತಗಡಿನ ಮಾಡಿನ ಕೆಳಗೆ ಎಪ್ರಿಲ್ ಮಧ್ಯಾಹ್ನ ಮನುಷ್ಯರು ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ಇದನ್ನು ಹೇಳಲು ವಿಜ್ಞಾನಿ ಬೇಡ, ಕೋಳಿಗೂ ಗೊತ್ತು. ಹತ್ತೂವರೆಗೇ ಎದ್ದು ಅದು ಹಲಸಿನ ಬುಡಕ್ಕೆ ಹೋಗುತ್ತದೆ. ಬೆಳ್ಳಾರೆಯ ಬೋಜಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ಮನೆಯವರಿಗೆ ಅವನು ಹೇಳಲಿಲ್ಲ.

ಬೋಜಪ್ಪನಿಗೆ ಈಗ ಐವತ್ತೆಂಟು. ಅದರಲ್ಲಿ ನಲವತ್ತು ವರ್ಷ ಹಂಚಿನ ಮೇಲೆ ಕಳೆದದ್ದು. ಹಂಚಿನ ಮಾಡಿನಲ್ಲಿ ನಡೆಯಲು ಒಂದು ಕ್ರಮ ಉಂಟು: ಒಂದು ಹಂಚು ಇನ್ನೊಂದರ ಮೇಲೆ ಕೂರುವಲ್ಲಿ, ಅಡಿಯಲ್ಲಿ ರೀಪಿನ, ಅಂದರೆ ಮರದ ಪಟ್ಟಿಯ, ಆಧಾರ ಇರುವಲ್ಲಿ ಮಾತ್ರ ಪಾದ ಊರಬೇಕು. ಬೋಜಪ್ಪ ಕಣ್ಣು ಮುಚ್ಚಿಕೊಂಡು ಊರುತ್ತಾನೆ. ಬೆರಳ ಗಂಟಿನಿಂದ ತಟ್ಟಿ, ಸದ್ದು ಕೇಳಿ, ಕಣ್ಣಿಗೆ ಕಾಣದ ಬಿರುಕನ್ನೂ ಹೇಳುತ್ತಾನೆ. ಮಳೆಗೆ ಮುಂಚಿನ ಒಂದು ತಿಂಗಳು ಪುತ್ತೂರು, ಸುಳ್ಯ, ಕಡಬದ ಎಲ್ಲರಿಗೂ ಅವನು ಒಟ್ಟಿಗೇ ಬೇಕು. ಯಾಕೆಂದರೆ ವರ್ಷವಿಡೀ ಮಂಗಗಳು ಮಾಡಿನ ಮೇಲೆ ಕುಣಿದು ಹಂಚು ಒಡೆದು ಹಾಕಿರುತ್ತವೆ. "ಬೋಜಪ್ಪಣ್ಣ, ಮಂಗಗಳಿಗೆ ನೀವೇ ಸಂಬಳ ಕೊಡುದಾ?" ಎಂದು ಬೆಳ್ಳಾರೆ ಪೇಟೆಯಲ್ಲಿ ಚಹಾ ಕುಡಿಯುವವರು ಕೇಳುತ್ತಿದ್ದರು. "ಸಂಬಳ ಇಲ್ಲ ಮಾರಾಯ, ಪಾಲುದಾರಿಕೆ," ಎಂದು ಅವನೂ ನಗುತ್ತಿದ್ದ.

ಅವನ ನಗು ಕೆಟ್ಟದ್ದು ಪಟೇಲರ ಮನೆಯಿಂದ.

ಉಪ್ಪಿನಂಗಡಿಯಿಂದ ಆಚೆ, ಹೊಳೆಯ ನೀರು ಏರಿದರೂ ಮುಟ್ಟದಷ್ಟು ಎತ್ತರದಲ್ಲಿ ಹಳೆಯ ಪಟೇಲರ ಮನೆ ಇತ್ತು. ನೂರಿಪ್ಪತ್ತು ವರ್ಷದ ಮನೆ. ಒಂದು ಕಂಪೆನಿ ಅದನ್ನು ಕೊಂಡು, ರಿಪೇರಿ ಮಾಡಿ, ಹೋಟೆಲ್ ಮಾಡಲು ಹೊರಟಿತು. ಒಳಾಂಗಣದ ಕೆಲಸ ನಿಖಿತಾ ಎಂಬ ಹುಡುಗಿಯದ್ದು. ಕೆಟ್ಟ ಹುಡುಗಿ ಅಲ್ಲ. ಕೆಲಸದವರ ಒಟ್ಟಿಗೇ ಕೂತು ಗಂಜಿ ಉಂಡವಳು. ಅವಳದ್ದೊಂದು ನಿಯಮ: ಈ ಮನೆಗೋಸ್ಕರ ಒಂದು ಮರ ಬೀಳಬಾರದು, ಒಂದು ಇಟ್ಟಿಗೆ ಹೊಸದಾಗಿ ಸುಡಬಾರದು, ಎಲ್ಲ ಹಳೆಯದನ್ನೇ ಮತ್ತೆ ಬಳಸಬೇಕು. ಕೇಳಿದರೆ ಕೈ ಮುಗಿಯಬೇಕು ಅನಿಸುವ ನಿಯಮ.

ಪಟೇಲರ ಮಾಡಿಗೆ ಹಂಚಿನ ಕೊರತೆ ಇರಲಿಲ್ಲ. ಅವಳಿಗೆ ಹಂಚು ಬೇಕಾದದ್ದು ಗೋಡೆಗೆ. ಮಂಚದ ತಲೆಯ ಹಿಂದೆ, ಊಟದ ಕೋಣೆಯ ಸುತ್ತ, ದೀಪದ ಮುಚ್ಚಳಕ್ಕೆ. ಅದಕ್ಕೆಂದೇ ಬೋಜಪ್ಪನನ್ನು ಕರೆಸಿದಳು.

"ಹೊಗೆ ಹಿಡಿದದ್ದೇ ಬೇಕು ಅಂಕಲ್. ಅಡುಗೆಮನೆ ಮೇಲಿನದ್ದು. ಆ ಕಪ್ಪು ಬಣ್ಣ ಡಬ್ಬದಲ್ಲಿ ಸಿಗುದಿಲ್ಲ."

"ಜನ ಸುಮ್ಮನೆ ಕೊಡ್ತಾರಾ ಮೇಡಂ?"

"ಸುಮ್ಮನೆ ಬೇಡ. ಬದಲಿಗೆ ಹೊಸ ತಗಡಿನ ಶೀಟು, ಕಬ್ಬಿಣದ ಪೈಪು, ಹಾಕುವ ಕೆಲಸ, ಎಲ್ಲ ನಮ್ಮದೇ. ನಿಮ್ಮ ಮಾತು ಅವರು ಕೇಳ್ತಾರಂತೆ ಅಲ್ವಾ?"

ಕೇಳುತ್ತಿದ್ದರು. ಬೋಜಪ್ಪನಿಗೆ ಕೂಲಿ ಸಿಕ್ಕಿತು, ಹೌದು. ಆದರೆ ಅವನನ್ನು ಕೆಡಿಸಿದ್ದು ಕೂಲಿ ಅಲ್ಲ, ಮರ್ಯಾದೆ. ನಲವತ್ತು ವರ್ಷ ಅವನನ್ನು ಅಂಗಳದಿಂದ ಏಣಿಗೆ, ಏಣಿಯಿಂದ ಅಂಗಳಕ್ಕೆ ಕಳಿಸಿದ್ದರು. ಈ ಹುಡುಗಿ ಕುರ್ಚಿ ಎಳೆದು ಕೂರಿಸಿ, ಅವನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಆ ಡಿಸೆಂಬರಿನಲ್ಲಿ ಅವನು ಮನೆ ಮನೆಗೆ ಹೋದ. ಆರಿಸಿದ್ದು ಬಡವರ ಮನೆಗಳನ್ನೇ. ಉಳ್ಳವರು ಯಾವತ್ತೋ ಕಾಂಕ್ರೀಟು ಹಾಕಿಕೊಂಡಿದ್ದರು. ಹತ್ತು ಮನೆ ಆಗಿ, ಹನ್ನೊಂದನೆಯದು ಕಾಣಿಯೂರಿನ ರಮ್ಲತಳದ್ದು. ಗಂಡ ತೀರಿದ ಮೇಲೆ ಬೀಡಿ ಕಟ್ಟಿ ಮಗಳು ಫೌಝಿಯಾಳನ್ನು ಓದಿಸುತ್ತಿದ್ದ ಹೆಂಗಸು. ಅವಳ ಜಗಲಿಯ ಮಾಡಿನಲ್ಲಿ ಒಂದು ಕನ್ನಡಿ ಹಂಚು ಇತ್ತು, ಗಾಜಿನದ್ದು. ಅದರಿಂದ ಇಳಿಯುವ ಬಿಸಿಲಕೋಲಿನ ಬದಿಯಲ್ಲಿ ಮೊರ ಇಟ್ಟುಕೊಂಡು ಅವಳು ಎಲೆ ಕತ್ತರಿಸುತ್ತಿದ್ದಳು. ಹಿಂದೊಮ್ಮೆ ಮಂಗನ ದೆಸೆಯಿಂದ ಆ ಗಾಜಿನ ಮೂಲೆ ಸೀಳಿದಾಗ ಡಾಮರು ಮೆತ್ತಿ ಕೂರಿಸಿದವನು ಬೋಜಪ್ಪನೇ.

"ಶೀಟು ಬಿಸಿ ಆಗುದಿಲ್ವಾ ಬೋಜಪ್ಪಣ್ಣ?"

"ಒಂದು ವಾರ. ಮತ್ತೆ ಅಭ್ಯಾಸ ಆಗ್ತದೆ. ಮಂಗನ ಕಾಟ ಇಲ್ಲ, ಸೋರುದಿಲ್ಲ, ವರ್ಷ ವರ್ಷ ನನ್ನ ಮುಖ ನೋಡುದು ಬೇಡ."

"ಅದೊಂದು ಲಾಭ ಉಂಟು ನೋಡಿ," ಎಂದು ರಮ್ಲತ್ ನಕ್ಕಳು. ನಂಬಿಯೂ ಬಿಟ್ಟಳು. ಎರಡೇ ದಿನದಲ್ಲಿ ಹಂಚು, ರೀಪು, ಅದನ್ನು ಹೊತ್ತ ಪಕ್ಕಾಸಿನ ಮರ ಎಲ್ಲ ಲಾರಿ ಹತ್ತಿದವು.

ಹೋಟೆಲ್ ತೆರೆದ ದಿನ ಬೋಜಪ್ಪನನ್ನು ಕರೆದರು. ಶಾಲು ಹೊದಿಸಿದರು, ಫೋಟೋ ತೆಗೆದರು. ಹೊರಗೆ ಸೆಕೆ, ಒಳಗೆ ಮಣ್ಣಿನ ತಂಪು. ಊಟದ ಕೋಣೆಯ ಗೋಡೆಯಲ್ಲಿ ಹನ್ನೊಂದು ಮನೆಗಳ ಒಲೆಯ ಹೊಗೆ ಸಾಲಾಗಿ ಕೂತಿತ್ತು. ಬದಿಯಲ್ಲೊಂದು ಫಲಕ: "ಈ ಹಂಚುಗಳಿಗೆ ನಾವು ಎರಡನೇ ಬದುಕು ಕೊಟ್ಟಿದ್ದೇವೆ." ಮೊದಲನೆಯ ಬದುಕು ಮುಗಿದಿತ್ತು ಎಂದು ಇವರಿಗೆ ಹೇಳಿದವರು ಯಾರು? ಮಳೆಗಾಲ ಒಂದೂ ತಪ್ಪದೆ ಕೆಲಸ ಮಾಡುತ್ತಿದ್ದ ಹಂಚು ಅವು.

ಗೋಡೆಯ ನಡುವೆ ಒಂದು ಗಾಜು ಹೊಳೆಯುತ್ತಿತ್ತು. ಹಿಂದಿನಿಂದ ಬಲ್ಬು ಇಟ್ಟಿದ್ದರು. ಮೂಲೆಯಲ್ಲಿ ಡಾಮರಿನ ಕಪ್ಪು ಗೆರೆ. ಬೋಜಪ್ಪ ಮುಟ್ಟಲು ಕೈ ಎತ್ತಿದವನು ಹಾಗೇ ಇಳಿಸಿದ. ಆ ದಿನ ಪಾಯಸದ ಲೋಟ ಮುಟ್ಟದೆ ಬಿಟ್ಟ. ಆದರೂ ಬಾಯಿ ಬಿಡಲಿಲ್ಲ. ಶಾಲು ಹೊದ್ದುಕೊಂಡೇ ಬಸ್ಸು ಹತ್ತಿದ.

ಎಪ್ರಿಲಿನಲ್ಲಿ ರಮ್ಲತಳ ಫೋನು ಬಂತು. ಒಂದು ಗಾಳಿಮಳೆ ಬಂದು ಶೀಟಿನ ಸ್ಕ್ರೂ ಹತ್ತಿರ ಸೋರಿದೆ, ನೋಡಿ ಹೋಗಿ ಎಂದು. ಅವನು ಹೋದಾಗ ಮಧ್ಯಾಹ್ನ ಎರಡು ಗಂಟೆ. ಜಗಲಿಯಲ್ಲಿ ಯಾರೂ ಇಲ್ಲ. ಮನೆಯ ಹಿಂದೆ, ತೆಂಗಿನ ಗರಿ ಹೊದಿಸಿದ ಬಚ್ಚಲಿನಲ್ಲಿ, ನೀರಿನ ಹಂಡೆಗೆ ಬೆನ್ನು ಕೊಟ್ಟು ರಮ್ಲತ್ ಬೀಡಿ ಕಟ್ಟುತ್ತಿದ್ದಳು. ಮೊಣಕಾಲ ಮೇಲೆ ಮೊರ. ಪಕ್ಕದಲ್ಲಿ ಒದ್ದೆ ಗೋಣಿ ಸುತ್ತಿದ ಎಲೆಯ ಕಟ್ಟು.

"ಇಲ್ಲಿ ಎಂತಕ್ಕೆ?"

ಅವಳು ಒಂದು ಎಲೆ ತೆಗೆದುಕೊಂಡು ಎದ್ದಳು. ಜಗಲಿಗೆ ಹೋಗಿ, ಅವನ ಎದುರೇ ಅದನ್ನು ಸುರುಳಿ ಸುತ್ತಲು ನೋಡಿದಳು. ಎಲೆ ಹಪ್ಪಳದ ಹಾಗೆ ಪಟಪಟ ಒಡೆಯಿತು.

"ಬೀಡಿ ಎಲೆ ಮೆತ್ತಗೆ ಇದ್ದರೆ ಮಾತ್ರ ಸುತ್ತಲಿಕ್ಕೆ ಆಗುದು ಬೋಜಪ್ಪಣ್ಣ. ಈ ಕಾವಿಗೆ ಹತ್ತು ನಿಮಿಷ ಸಾಕು, ಹುಡಿ ಆಗ್ತದೆ. ನೀರು ಹೆಚ್ಚು ಹಾಕಿದ್ರೆ ಬೂಸ್ಟು ಬರ್ತದೆ. ಎರಡು ಸಲ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ನನ್ನ ಕಟ್ಟು ತಿರುಚಿ ಬಿಸಾಡಿದ್ರು. ಮೂರನೇ ಸಲ ಆದ್ರೆ ನನ್ನ ಕೆಲಸದ ಕಾರ್ಡು ಬೇರೆಯವರಿಗೆ ಅಂತ ಹೇಳಿದ್ದಾರೆ. ಹದಿನೇಳು ವರ್ಷದ ಕಾರ್ಡು. ಮಗಳ ಸ್ಕಾಲರ್‌ಶಿಪ್ಪು ಅದರ ಮೇಲೆಯೇ ಬರುದು."

ಬೋಜಪ್ಪ ಮಾಡು ನೋಡಿದ. ಸೋರುವ ಸ್ಕ್ರೂ ಹುಡುಕಿದ.

"ಒಂದು ಮಾತು ಕೇಳ್ತೇನೆ," ಎಂದಳು ರಮ್ಲತ್. ಸ್ವರ ಏರಿಸಲಿಲ್ಲ. "ನಿಮ್ಮ ಮನೆಯ ಮಾಡಿಗೆ ಎಂತ ಉಂಟು?"

"ಹಂಚು."

ಬೇರೆ ಏನಾದರೂ ಅಂದಿದ್ದರೆ ಸುಳ್ಳಾಗುತ್ತಿತ್ತು. ನಿಜ ಹೇಳಿದ್ದು ಅದಕ್ಕಿಂತ ಕೆಟ್ಟದಾಯಿತು. ಅವಳು ಬಯ್ಯಲಿಲ್ಲ. "ಹ್ಞೂಂ," ಎಂದು ಮತ್ತೆ ಬಚ್ಚಲಿಗೆ ಹೋಗಿ ಕೂತಳು.

ಮರುದಿನ ಬೆಳಿಗ್ಗೆ ಅವನು ಪಟೇಲರ ಮನೆಯಲ್ಲಿದ್ದ. ನಿಖಿತಾ ಎಲ್ಲ ಕೇಳಿಸಿಕೊಂಡಳು. ಮುಖ ಸಣ್ಣದಾಯಿತು.

"ಗೋಡೆಯದ್ದು ಕೀಳಲಿಕ್ಕೆ ಆಗುದಿಲ್ಲ ಅಂಕಲ್. ಸುಣ್ಣದ ಗಾರೆಯಲ್ಲಿ ಕೂರಿಸಿದ್ದು, ಎಳೆದ್ರೆ ಪುಡಿ."

"ಉಳಿದದ್ದು ಉಂಟಲ್ಲ? ಇನ್ನೂರಾದ್ರೂ ಉಳಿದಿರಬೇಕು."

ಅವಳು ಅವನ ಕಾಲಿನತ್ತ ನೋಡಿದಳು. "ಅದನ್ನೆಲ್ಲ ಕುಟ್ಟಿ ಹುಡಿ ಮಾಡಿ ನೆಲಕ್ಕೆ ಹಾಕಿದ್ದೇವೆ. ವೇಸ್ಟ್ ಆಗಬಾರದು ಅಂತ."

ಬೋಜಪ್ಪನಿಗೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಂಚಿನ ಮೇಲೆ ಕಣ್ಣು ಮುಚ್ಚಿ ನಡೆಯುವವನು ಆ ಕೆಂಪು ನೆಲದಲ್ಲಿ ನಿಂತಲ್ಲೇ ನಿಂತ.

"ಅವರಿಗೊಂದು ಫ್ಯಾನ್ ಕಳಿಸ್ತೇನೆ. ಒಳ್ಳೆಯದು, ದೊಡ್ಡದು," ಎಂದಳು ಹುಡುಗಿ. ಮನಸ್ಸಿನಿಂದಲೇ ಹೇಳಿದ್ದು.

"ಫ್ಯಾನಿನ ಗಾಳಿಗೆ ಎಲೆ ಇನ್ನೂ ಬೇಗ ಒಣಗ್ತದೆ ಮೇಡಂ. ಹೊಗೆಸೊಪ್ಪು ಹಾರಿ ಹೋಗ್ತದೆ." ಈ ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ತಾನು. ಜಗಲಿಯಲ್ಲಿ ಕೂತು, ಎಲೆಯನ್ನೂ ಬಿಸಿಲಕೋಲನ್ನೂ ಕಣ್ಣಾರೆ ನೋಡಿ, ಒಂದು ವಾರದಲ್ಲಿ ಅಭ್ಯಾಸ ಆಗ್ತದೆ ಎಂದವನು ತಾನು.

ಮನೆಗೆ ಬಂದು ಏಣಿ ಇಟ್ಟ. ಹೆಂಡತಿ ಸೇವಂತಿ ಅಂಗಳದಲ್ಲಿ ನಿಂತು ನೋಡಿದಳು.

"ಮಂಗ ಹಂಚು ತೆಗೆದದ್ದು ನೋಡಿದ್ದೇನೆ. ಇದು ಯಾವ ಜಾತಿ ಮಂಗ?"

"ಜಗಲಿಯದ್ದು ಮಾತ್ರ."

"ನಾನು ಎಲ್ಲಿ ಕೂತುಕೊಳ್ಳುದು?"

"ರಮ್ಲತ್ ಕೂತಲ್ಲಿ," ಎಂದ ಬೋಜಪ್ಪ. ಸೇವಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಚು ಹಿಡಿಯಲು ಕೈ ಚಾಚಿದಳು. ಬಯ್ಯುವುದು ನಿಲ್ಲಿಸಲಿಲ್ಲ, ಕೈಯೂ ನಿಲ್ಲಿಸಲಿಲ್ಲ.

ಎರಡು ದಿನದಲ್ಲಿ ಕಾಣಿಯೂರಿನ ಜಗಲಿಯಿಂದ ಶೀಟು ಇಳಿಯಿತು, ಅಡಿಕೆ ಮರದ ರೀಪು ಏರಿತು, ಬೋಜಪ್ಪನ ಹಂಚು ಕೂತಿತು. ಕನ್ನಡಿ ಹಂಚು ಅವನಲ್ಲಿ ಇರಲಿಲ್ಲ. ಬೆಳಕಿಗೆ ಬಲ್ಬೇ ಗತಿ. ಆ ವಾರದ ಬೀಡಿ ಬ್ರಾಂಚಿನಲ್ಲಿ ಪಾಸಾಯಿತು. ಕಾರ್ಡು ಉಳಿಯಿತು.

ಬೋಜಪ್ಪ ಬಿಟ್ಟುಹೋಗಿದ್ದ ಏಣಿ ಕೊಂಡುಹೋಗಲು ಬಂದಾಗ ರಮ್ಲತ್ ಚಹಾ ಕೊಟ್ಟಳು. ಉಪಕಾರ ಆಯಿತು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

"ನನ್ನದು ಜಗಲಿ ಆಯ್ತು. ಒಳಗೆ ಮಲಗುವಲ್ಲಿ ಹಾಗೇ ಉಂಟು. ಇರಲಿ. ಉಳಿದ ಹತ್ತು ಮನೆಯವರಿಗೆ ಎಂತ ಹೇಳ್ತೀರಿ? ನಿಮ್ಮ ಮಾಡಿನಲ್ಲಿ ಇನ್ನೆಷ್ಟು ಹಂಚು ಉಂಟು?"

ಅವನ ಇಡೀ ಮನೆ ಬಿಚ್ಚಿದರೂ ಎರಡು ಮನೆಗೆ ಸಾಲದು. ಬೋಜಪ್ಪ ಏಣಿ ಹೆಗಲಿಗೇರಿಸಿ ಅಂಗಳ ಇಳಿದ. ಈಗಲೂ ಬೇಸಗೆಯಲ್ಲಿ ಆ ಹತ್ತು ಮನೆಗಳ ದಾರಿ ತಪ್ಪಿಸಿ, ಸುತ್ತು ಬಳಸಿ ಕೆಲಸಕ್ಕೆ ಹೋಗುತ್ತಾನೆ. ಹೋಟೆಲಿನವರು ಕೊಟ್ಟ ಶಾಲನ್ನು ಮಡಚಿದ್ದು ಬಿಚ್ಚಿಲ್ಲ.

ಅವನ ಪಾಲಿನ ತಪ್ಪನ್ನು ಅವನು ಹೊತ್ತಿದ್ದಾನೆ. ನಿಮ್ಮ ಪಾಲು ಬಾಕಿ ಉಂಟು. ಆ ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡವರು, ಎಂಥ ತಂಪು ಎಂದು ಬರೆದು ಹೊಗಳಿದವರು ನೀವೇ. ಇನ್ನೊಮ್ಮೆ ಅಂಥ ಹಳೆ ಮನೆಯ ಹೋಟೆಲಿಗೆ ಹೋದಾಗ ಕೌಂಟರಿನ ಎದುರು ನಿಂತು, ಉಳಿದವರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಕೇಳಿ: ಇದು ಯಾರ ಮನೆಯ ಮಾಡು? ಅವರ ತಲೆಯ ಮೇಲೆ ಈಗ ಎಂತ ಉಂಟು? ಉತ್ತರ ಬರುವ ತನಕ ಕೋಣೆಯ ಕೀಲಿ ಕೈಗೆ ತೆಗೆದುಕೊಳ್ಳಬೇಡಿ.