ಬಸು ಕರು ತಡೆದ ಬೆಳಿಗ್ಗೆ

ಈ ಕಥೆ ಮೊದಲು ಹೇಳಿದ್ದು ನಮ್ಮಜ್ಜ. "ನಿನಗ ಓಡಾಕ ಬರಂಗಿಲ್ಲ" ಎಂದು ನಾವು ಗೆಳೆಯ ಬಸುವನ್ನು ಆಟ್ಯಾಪಾಟ್ಯಾ ಆಟದಿಂದ, ನೆಲದ ಗೆರೆ ಕಾಯುತ್ತ ಎದುರಿನವರನ್ನು ದಾಟದಂತೆ ತಡೆಯುವ ಆ ಆಟದಿಂದ, ಹೊರಗೆ ಹಾಕಿದ ಸಂಜೆ.

ನಿಜಾಮರ ಕಾಲದಲ್ಲಿ, ಅಷ್ಟೂರು ಎಂಬ ಹಳ್ಳಿಯಲ್ಲಿ, ಅಜ್ಜನೂ ಮಂದಗಾಲಿನ ಹುಡುಗ. ಅವನು ಗೆರೆ ಕಾಯಲು ನಿಂತರೆ ಎದುರಿನವರು, "ಎಮ್ಮಿ ಕುಂತದ, ಸಾವಕಾಶ ಬರ್ರಿ" ಎಂದು ನಗುತ್ತ ದಾಟುತ್ತಿದ್ದರು. ನಾಚಿಕೆಯಿಂದ ಆಟವನ್ನೇ ಬಿಟ್ಟ. ಹಾಲು ಕರೆಯುವಾಗ ಕರು ತಡೆಯುವುದು ಅವನ ಕೆಲಸ. ಒಂದು ದಿನ ಅವನವ್ವ ಹೇಳಿದಳಂತೆ, "ಕರುವಿನ ಮಾರಿ ನೋಡಬ್ಯಾಡೋ ಮಗಾ, ಸೊಂಟ ನೋಡು. ಮಾರಿ ಮೋಸ ಮಾಡ್ತದ, ಸೊಂಟ ಮಾಡಂಗಿಲ್ಲ." ಅಜ್ಜ ಮತ್ತೆ ಆಟಕ್ಕಿಳಿದು, ಎದುರಿನವರ ಮುಖ ಬಿಟ್ಟು ಸೊಂಟ ನೋಡತೊಡಗಿದ. ಆಮೇಲೆ ಅವನ ಗೆರೆ ದಾಟುವುದು ಯಾರಿಗೂ ಸುಲಭವಾಗಲಿಲ್ಲ.

ಮರುದಿನ ಬೆಳಿಗ್ಗೆ ನಾವು ಬಸುವನ್ನು ಆಟಕ್ಕೆ ಕರೆಯಲು ಹೋದೆವು. ಅವರವ್ವ ಹಾಲು ಕರೆಯುತ್ತಿದ್ದಳು. ಬಸು ಕೊಟ್ಟಿಗೆಯ ಬಾಗಿಲಲ್ಲಿ, ಓಡದೆಯೇ, ಕರು ತಡೆದು ನಿಂತಿದ್ದ. ಹಾಲು ಕರೆದು ಮುಗಿಯುವವರೆಗೆ ನಾವು ನೆಲ ನೋಡುತ್ತ ನಿಂತೆವು.