ಉಣ್ಣೆಗಿಲ್ಲದ ಮೈಲಿಗೆ

ನನ್ನ ಅತ್ತೆ ಬೀರವ್ವ ನಮ್ಮೂರು ಸಲಗರೆಯಿಂದ ಮಿರಜ ಸಂತೆಗೆ ಕಂಬಳಿ ಹೊತ್ತು ಹೋಗುತ್ತಿದ್ದಳು. ಅಲ್ಲಿ ಅವಳಿಗೊಬ್ಬ ಗೆಳತಿ, ಬ್ರಾಹ್ಮಣರ ಓಣಿಯ ಕಮಲಾಬಾಯಿ. ಗೆಳತಿ ಎನ್ನುವುದು ಅತ್ತೆಯ ಮಾತು. ನನಗೇನೂ ಹಾಗೆ ಕಾಣುತ್ತಿರಲಿಲ್ಲ. ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ಮಡಿ ವಿಧವೆ ಅವರು. ಉಣ್ಣೆಗೆ ಮೈಲಿಗೆ ಇಲ್ಲವಂತೆ. ಅದಕ್ಕೇ ಅತ್ತೆ ನೂತ ನೂಲಿನ ಕಂಬಳಿಯ ಮೇಲೆ ಕೂತು ಜಪ ಮಾಡುವರು, ಅದನ್ನೇ ಹೊದ್ದು ಮಲಗುವರು. ಅತ್ತೆಯ ಕೈಯ ನೀರು ಮಾತ್ರ ಆಗದು. ಕಟ್ಟೆಯ ಮೇಲೆ ಅವರು, ಕೆಳಗೆ ಅತ್ತೆ, ತಾಸುಗಟ್ಟಲೆ ಹರಟೆ.

"ನಮ್ಮ ಕುರಿ ಅವರಿಗೆ ನಡೀತಾವು, ನಾವು ನಡಿಯೂದಿಲ್ಲೇನ್ರಿ?" ಎಂದು ನಾನು ಕೆಣಕುತ್ತಿದ್ದೆ.

"ಅದು ಅವರ ನೇಮ. ನಿನಗೇನ ತ್ರಾಸ?" ಎಂದು ಅತ್ತೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಮಿರಜದಂಥ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರುವ ಮಾತು ನಡೆದಿದ್ದ ಹೊತ್ತು. ಗಾಂಧೀಜಿಯನ್ನು ಕೊಂದವನು ಬ್ರಾಹ್ಮಣನೆಂಬ ಸುದ್ದಿ ಬಂದದ್ದೇ ತಡ, ಏನೂ ಅರಿಯದ ಬ್ರಾಹ್ಮಣರ ಮನೆಗಳಿಗೂ ಬೆಂಕಿ ಬಿತ್ತು. ಸಂತೆಗೆ ಹೋದ ಅತ್ತೆ ಸಂಜೆ ಯಾರದೋ ಎತ್ತಿನ ಗಾಡಿಯಲ್ಲಿ ಬಂದಿಳಿದಳು. ಜೊತೆಗೆ ಕಂಬಳಿ ಸುತ್ತಿಕೊಂಡ ಕಮಲಾಬಾಯಿ. ಅವರ ಮನೆ ಸುಟ್ಟುಹೋಗಿತ್ತು. ಒಬ್ಬನೇ ಮಗ ಪುಣೆಯಲ್ಲಿದ್ದ. ನನ್ನ ಗಂಡ ಭರಮಣ್ಣ ಕುರಿ ಹೊಡೆದುಕೊಂಡು ಅಥಣಿಯ ಕಡೆ ಹೋಗಿದ್ದ. ಹೆಂಗಸರಿಬ್ಬರೇ ಇರುವ ಮನೆಗೆ ಇಂಥ ಗಂಡಾಂತರ ತಂದಳಲ್ಲ ಎಂದು ಹೆದರಿ ನಾನು ಕದದ ಅಗಳಿ ಹಾಕಿದೆ.

ಕಮಲಾಬಾಯಿ ನಮ್ಮ ನೀರು ಮುಟ್ಟಲಿಲ್ಲ. ತಾವೇ ಸೇದಿದ ನೀರಾಗಬೇಕು. ಬಾವಿಗೆ ಹೋದರೆ ಆ ಬೋಳು ತಲೆ ಊರಿಗೇ ಕಾಣುತ್ತದೆ. ಮರುದಿನವೂ ಹಾಗೇ. ತುಟಿ ಒಡೆದು ಮಾತು ತೊದಲತೊಡಗಿತು. ಅತ್ತೆ ತಂಬಿಗೆ ಹಿಡಿದು ದೂರದಲ್ಲೇ ಕೂತು ಅತ್ತಳು.

"ಅವ್ವಾರ, ಒಂದ ಗುಟುಕ ಕುಡೀರಿ. ಜೀವ ಹೋಗತೈತ್ರಿ."

"ಬ್ಯಾಡ, ಬೀರವ್ವ. ಮನಿ ಹೋತು. ಉಳದದ್ದು ಈ ನೇಮ ಒಂದ."

ಅಂದೇ ಮಧ್ಯಾಹ್ನ ಬೇರೆ ಊರಿನ ಗಂಡಸರು ಕುಡಗೋಲು ಹಿಡಿದು, ಅಡಗಿದ ಬ್ರಾಹ್ಮಣರನ್ನು ಹುಡುಕುತ್ತ ಅಂಗಳಕ್ಕೆ ಬಂದರು. ಮೂಲೆಯಲ್ಲಿದ್ದ ಕಮಲಾಬಾಯಿಯನ್ನು ನೋಡಿ, ಯಾರು ಇವಳು ಎಂದರು.

"ನಮ್ಮ ಅಕ್ಕರಿ, ಜತ್ತದಾಕಿ. ತಲ್ಯಾಗ ಹುಣ್ಣಾಗಿ ಬೋಳಿಸೇವಿ," ಎಂದಳು ಅತ್ತೆ.

ಅವರಲ್ಲೊಬ್ಬ ಬಲು ಪಾಕಡಾ, ಸುಲಭಕ್ಕೆ ನಂಬುವವನಲ್ಲ. "ಹಂಗಾರ ನಿನ್ನ ಕೈಲೆ ಉಣಿಸು, ನೋಡೂನು," ಎಂದ.

ಅತ್ತೆ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದಳು. ಕಮಲಾಬಾಯಿ ಅವಳ ಮುಖವನ್ನೇ ನೋಡುತ್ತ ಬಾಯಿ ತೆರೆದರು. ಒಂದು ತುತ್ತು, ಇನ್ನೊಂದು ತುತ್ತು, ಆಮೇಲೆ ನಮ್ಮ ತಂಬಿಗೆಯ ನೀರು. ಗಂಡಸರು ಹೋದರು.

"ನಿಮ್ಮ ನೇಮ ನನ್ನ ಕೈಲೇ ಮುರೀತ್ರಿ," ಎಂದು ಅತ್ತೆ ಅವರ ಕಾಲಿಗೆ ಬಿದ್ದಳು. ಕಮಲಾಬಾಯಿ ತಂಬಿಗೆಯಲ್ಲಿ ಉಳಿದ ನೀರನ್ನೂ ಕುಡಿದರು. ಆಮೇಲೆ, "ಇನ್ನೊಂದ ರೊಟ್ಟಿ ಅದನೇನು?" ಎಂದರು. ಅಂದಿನಿಂದ ಅವರಿಬ್ಬರೂ ಒಂದೇ ಬುಟ್ಟಿಯ ರೊಟ್ಟಿ ತಿಂದರು, ಒಂದೇ ತಂಬಿಗೆಯ ನೀರು ಕುಡಿದರು. ಅದನ್ನು ನೋಡಿ ನನ್ನ ಸಿಟ್ಟೂ ಇಳಿಯಿತು.

ಗಲಭೆ ತಣ್ಣಗಾದ ಮೇಲೆ ಮಗ ಹುಡುಕಿಸಿ ಹೇಳಿಕಳಿಸಿದ. ನಾವು ಮಿರಜ ಸ್ಟೇಷನ್ನಿಗೆ ಕರೆದೊಯ್ದಾಗ ಊರು ಮುಂಬೈ ಸರಕಾರದ್ದಾಗಿತ್ತು. ಮಗ ಹೆಂಡತಿಯ ತವರಿನಲ್ಲಿ ಇದ್ದಾನಂತೆ. ಬಹಳ ಕಟ್ಟುನಿಟ್ಟಿನ ಜನವಂತೆ. ಅವನು ತಾಯಿಯ ಪಾದ ಹಿಡಿದು, "ಆಯಿ, ಇಷ್ಟ ದಿನ ಏನ ತಿಂದಿ?" ಎಂದು ಕೇಳಿದ.

ಅವರು ಉತ್ತರಿಸುವ ಮೊದಲೇ ಅತ್ತೆ, "ನಮ್ಮದೇನೂ ಮುಟ್ಟಿಲ್ರಿ. ಬರೇ ಹಾಲು, ಹಣ್ಣು," ಎಂದುಬಿಟ್ಟಳು. ಆ ಮನೆಯಲ್ಲಿ ಅವರಿಗೊಂದು ಮೂಲೆಯಾದರೂ ಸಿಗಲಿ ಎಂದು ಹೇಳಿದ ಸುಳ್ಳು. ಮಗನಿಗೆ ಜೀವ ಬಂದಂತಾಯಿತು. ಅದನ್ನು ನೋಡಿ ನನ್ನ ಮೈ ಉರಿಯಿತು.

ರೈಲಿನ ಕಿಟಕಿಯ ಬಳಿ ಕೂತು ಕಮಲಾಬಾಯಿ ಒಣಗಿದ ತುಟಿ ಸವರಿಕೊಂಡರು. ಮನೆಯಲ್ಲಿ ಕೊಟ್ಟು ರೂಢಿಯಾಗಿತ್ತಲ್ಲ, ಅತ್ತೆ ಮೈಮರೆತು ತಂಬಿಗೆ ಚಾಚಿದಳು. ಅವರ ಕೈಯೂ ಮುಂದೆ ಬಂತು. ಮಗ ತಿರುಗಿ ನೋಡಿದ. ಆ ಕೈ ಕಂಬಳಿಯೊಳಗೆ ಹೋಯಿತು.

"ಬ್ಯಾಡ, ಬೀರವ್ವ," ಎಂದರು.

ಗಾಡಿ ಹೋದ ಮೇಲೆ ನಾನು ಕಮಲಾಬಾಯಿಯನ್ನು ಬಾಯಿಗೆ ಬಂದಂತೆ ಬೈದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. "ಬಿಸಲ ಭಾಳ ಐತಿ," ಎಂದು ಅಲ್ಲೇ ಕುಸಿದು ಕೂತಳು. "ನಾನು ಹೇಳಿದ ಸುಳ್ಳಿಗೆ ಅಕೀ ಪುಣೆ ತನಕಾ ಬಾಯಿ ಒಣಗಿಸ್ಕೊಂಡ ಹೋಗಬೇಕಾತು."

ಅವರ ಸುದ್ದಿ ಮತ್ತೆ ಬರಲಿಲ್ಲ. ಅಂದು ಆ ತಂಬಿಗೆಯ ನೀರನ್ನು ಅತ್ತೆ ತಾನೂ ಕುಡಿಯಲಿಲ್ಲ, ನನಗೂ ಕೊಡಲಿಲ್ಲ. ಸಲಗರೆಯ ತನಕ ತುಂಬಿದ ತಂಬಿಗೆಯನ್ನು ಹಿಡಿದುಕೊಂಡೇ ಬಂದಳು.