ಅತ್ತೆ ಬಡಿಸಿದ ಪಂಕ್ತಿ

ಸಂಜೆ ಕಪಿಲೆಯ ದಡದಿಂದ ಮನೆಗೆ ಮರಳುವಾಗ ವಿದ್ಯಾರ್ಥಿನಿಲಯದ ಅಡುಗೆಮನೆಯಿಂದ ಹುರುಳಿ ಸಾರಿನ ವಾಸನೆ ಬಂತು. ನಂಜನಗೂಡಿನಲ್ಲಿ ಹುರುಳಿ ಬೇಯುವುದು ಹೊಸತೇನಲ್ಲ. ಈ ವಯಸ್ಸಿನಲ್ಲಿ ನನಗೆ ಅದು ಅರಗುವುದೂ ಇಲ್ಲ. ಆದರೂ ಕಾಲು ನಿಂತಿತು. ನೀವೂ ಒಂದು ಗಳಿಗೆ ಈ ಬೇಲಿಯ ಪಕ್ಕ ನಿಲ್ಲಿ. ನನ್ನ ಸೋದರತ್ತೆ ಕೆಂಪಮ್ಮನ ವಿಷಯ ಹೇಳಬೇಕು.

ಮೈಸೂರಿನಲ್ಲಿ ಯೂನಿವರ್ಸಿಟಿ ಹೊಸದಾಗಿ ಶುರುವಾಗಿದ್ದ ಕಾಲ. ಮಹಾರಾಜರ ಸರ್ಕಾರ ಹಿಂದುಳಿದ ಕುಲಗಳ ಹುಡುಗರಿಗೆ ಸ್ಕಾಲರ್‌ಷಿಪ್ ಕೊಡತೊಡಗಿತ್ತು. ಬನ್ನೂರಿನ ಕಡೆಯ ಒಕ್ಕಲು ಮಗನಾದ ನನಗೂ ಒಂದು ಸಿಕ್ಕಿತು. ಅಮಲ್ದಾರನೇ ಆಗಿಬಿಟ್ಟೆನೆಂದು ಊರಿನವರು ಕೈಮುಗಿಯತೊಡಗಿದರು, ನಾನೂ ಬೇಡವೆನ್ನಲಿಲ್ಲ. ಕಾಲೇಜಿಗೆ ಹೋಗಿ ನೋಡಿದರೆ ತರಗತಿಯ ತುಂಬ ಪೇಟೆಯ ಹುಡುಗರು, ಬಹುಪಾಲು ಒಂದೇ ಕುಲದವರು. ನಮ್ಮಂಥವರೆಲ್ಲ ಸೇರಿದರೂ ಹಿಂದಿನ ಬೆಂಚು ತುಂಬುತ್ತಿರಲಿಲ್ಲ. ಬಡ ಬ್ರಾಹ್ಮಣ ಹುಡುಗರಿಗಾದರೂ ದಿನಕ್ಕೊಂದು ಮನೆಯಲ್ಲಿ ವಾರಾನ್ನವಿತ್ತು. ನಮಗೆ ಯಾವ ಮನೆಯ ಬಾಗಿಲು? ಸ್ಕಾಲರ್‌ಷಿಪ್ಪು ಫೀಸಿಗೆ, ಪುಸ್ತಕಕ್ಕೆ ಮುಗಿದುಹೋಗುತ್ತಿತ್ತು.

"ಒಟ್ಟೆಗೇನ್ ಮಾಡೀಯಲಾ? ಬಂದ್ಬುಡು," ಎಂದರು ಅಪ್ಪ.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದ ಅತ್ತೆ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ನಾನ್ ಓಯ್ತೀನಿ ಬುಡಣ್ಣ. ಇಲ್ ಬೇಯ್ಸೋದ್ನ ಅಲ್ ಬೇಯ್ಸ್ತೀನಿ."

ಹೀಗೆ ಮೈಸೂರಿನ ಒಂದು ಓಣಿಯಲ್ಲಿ ಮನೆ ಹೂಡಿದೆವು. ನಮ್ಮ ಕುಲದ ಇನ್ನಿಬ್ಬರು ಹುಡುಗರೂ ಸೇರಿಕೊಂಡರು. ಊರಿನಿಂದ ರಾಗಿ, ಹುರುಳಿ ಗಾಡಿಯಲ್ಲಿ ಬರುತ್ತಿತ್ತು. ಅತ್ತೆಗೆ ಓದು ಬಾರದು. ನಾನು ಗಟ್ಟಿಯಾಗಿ ಇಂಗ್ಲಿಷ್ ಓದುವಾಗ ತಲೆದೂಗುತ್ತ ಕೂರುತ್ತಿದ್ದಳು. ಅದು ತೂಕಡಿಕೆಯೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಒಂದು ಮಧ್ಯಾಹ್ನ ನನ್ನ ಸಹಪಾಠಿ ಸಿದ್ದಯ್ಯ ಪುಸ್ತಕ ಕೇಳಲು ಬಂದವನು ಬೀದಿಯಲ್ಲೇ ನಿಂತ. ನರಸೀಪುರದವನು. ಅವನಿಗೂ ಸ್ಕಾಲರ್‌ಷಿಪ್ ಇತ್ತು. ಕೋಣೆ ಕೊಡುವವರು ಇರಲಿಲ್ಲ. ಜಟಕಾದವರ ಕೊಟ್ಟಿಗೆಯಲ್ಲಿ ಮಲಗಿ, ಕಡ್ಲೆಪುರಿ ತಿಂದು ಓದುತ್ತಿದ್ದ.

"ಉಂಡ್ಯಾ ಮಗ?" ಎಂದಳು ಅತ್ತೆ.

ಅವನು ತಲೆ ತಗ್ಗಿಸಿ, "ನಾವು ಹೊಲಗೇರಿಯೋರು ಕಣವ್ವ," ಎಂದ.

ಅತ್ತೆ ಒಳಗೆ ಹೋದಳು. ಆಮೇಲೆ ಮುತ್ತುಗದ ಎಲೆ ತಂದು ಜಗಲಿಯ ಕೆಳಗೆ ಹಾಕಿ ಮುದ್ದೆ ಇಟ್ಟು, ಸಾರನ್ನು ಮೇಲಿನಿಂದ ಹೊಯ್ದಳು. ಆ ದಿನ ಅವಳಿಂದ ಆದದ್ದು ಅಷ್ಟೇ. ಮುಂದೆ ಅವನು ದಿನಾ ಬಂದು ಅಲ್ಲೇ ಕೂತು ಉಣ್ಣುತ್ತಿದ್ದ.

ಆಷಾಢದಲ್ಲೊಂದು ದಿನ ಊಟದ ಹೊತ್ತಿಗೇ ಮಳೆ ಹಿಡಿಯಿತು. ನಾವು ಮೂವರು ಒಳಗೆ ಕೂತಿದ್ದೆವು. ಮುದ್ದೆಗೆ ಹನಿ ಬೀಳದಂತೆ ಎಲೆಯ ಮೇಲೆ ಬೆನ್ನು ಬಾಗಿಸಿ ಸಿದ್ದಯ್ಯ ಉಣ್ಣುತ್ತಿದ್ದುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ಎದ್ದೇಳ್ಲಾ. ಒಳಕ್ ಬಾ."

ಅವನು ಅಲ್ಲಾಡಲಿಲ್ಲ. ಅವಳೇ ಮಳೆಗಿಳಿದು ಅವನ ರಟ್ಟೆ ಹಿಡಿದು ಕರೆತಂದು ನನ್ನ ಪಕ್ಕ ಕೂರಿಸಿದಳು. ಇನ್ನಿಬ್ಬರು ಅರ್ಧಕ್ಕೇ ಎದ್ದು ಕೈತೊಳೆದರು. ಸಂಜೆಗೆ ಅವರ ಟ್ರಂಕುಗಳೂ ಹೊರಟವು.

ಸುದ್ದಿ ಊರು ಮುಟ್ಟಿತು. ಅಪ್ಪ ಬಂದವರು ಹೊಸ್ತಿಲು ದಾಟಲಿಲ್ಲ. "ಕುಲದೋರು ಕೂಟ ಸೇರವ್ರೆ. ಅವನ್ನ ಕಳ್ಸು. ಇಲ್ದಿದ್ರೆ ನಿನ್ನ ಊರಿಗ್ ಸೇರ್ಸಕಿಲ್ಲ ಅಂತಾವ್ರೆ."

"ಸರ್ಕಾರದೋರು ಅವನ ತಲೆ ನೋಡಿ ಓದ್ಸಕ್ ಕರ್ಕಂಡವ್ರೆ. ಒಟ್ಟೆ ನೋಡಿದ್ದು ನಾನು. ಎಂಗಣ್ಣ ಕಳ್ಸಲಿ?"

ಅಪ್ಪ ನೀರೂ ಕುಡಿಯದೆ ಹೋದರು. ರಾಗಿಯ ಗಾಡಿ ನಿಂತಿತು. ಅತ್ತೆ ಆ ಬೀದಿ ಈ ಬೀದಿಯ ಮನೆಗಳಿಗೆ ಹಿಟ್ಟು ಬೀಸಿಕೊಟ್ಟು, ಪರೀಕ್ಷೆ ಮುಗಿಯುವ ತನಕ ನಮ್ಮಿಬ್ಬರನ್ನು ಸಾಕಿದಳು. ಇಬ್ಬರೂ ಪಾಸಾದೆವು. ಸಿದ್ದಯ್ಯ ಮೇಷ್ಟ್ರಾದ. ಅತ್ತೆ ಮಾತ್ರ ಮತ್ತೆ ಊರು ನೋಡಲಿಲ್ಲ. ಓದಲು ಬಂದ ಯಾರ್ಯಾರೋ ಹುಡುಗರಿಗೆ ಬೇಯಿಸಿ ಹಾಕುತ್ತ ಅಲ್ಲೇ ಉಳಿದಳು.

ಅವಳು ತೀರಿಕೊಂಡಾಗ ಹೇಳಿಕಳಿಸಿದರೂ ಕುಲದವರು ಬರಲಿಲ್ಲ. ಹೆಗಲು ಕೊಡಲು ನಾನು, ಸಿದ್ದಯ್ಯ, ಅವಳಲ್ಲಿ ಉಂಡು ಓದುತ್ತಿದ್ದ ಇನ್ನೊಬ್ಬ. ನಾಲ್ಕನೆಯವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದೆವು. ಆಗ ಓಣಿಯ ಆ ಕೊನೆಯಿಂದ ಅಪ್ಪ ಒಬ್ಬರೇ ಕೋಲೂರಿಕೊಂಡು ಬಂದರು. ತಂಗಿಯ ಮುಖವನ್ನು ಒಂದು ಸಲ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿ, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಸಿದ್ದಯ್ಯನ ಪಕ್ಕಕ್ಕೆ ಹೋಗಿ ನಿಂತು, "ಎತ್ತಪ್ಪ," ಎಂದರು.

ಈ ವಿದ್ಯಾರ್ಥಿನಿಲಯದ ಮುಂದೆ ಎಷ್ಟೋ ವರ್ಷದಿಂದ ಓಡಾಡುತ್ತಿದ್ದೇನೆ. ಇಲ್ಲಿ ಎಲ್ಲ ಹುಡುಗರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಸರ್ಕಾರದ ಆರ್ಡರಿನಿಂದ ಆದದ್ದು ಎಂದೇ ತಿಳಿದಿದ್ದೆ. ಇವತ್ತು ಹಾಗೆನ್ನಲು ಬಾಯಿ ಬರುತ್ತಿಲ್ಲ. ಒಳಗೆ ತಟ್ಟೆಗಳ ಸದ್ದು ಶುರುವಾಯಿತು. ನೀವು ಹೊರಡಿ, ಕತ್ತಲಾಗುತ್ತದೆ. ಇವರ ಊಟ ಮುಗಿಯುವವರೆಗೆ ನಾನು ಇಲ್ಲೇ ಇರುತ್ತೇನೆ.